ನಮ್ಮ ಮೇಲ್ದಂಡೆ ಯೋಜನೆ

ನಮ್ಮ ಕಡೆ ರಸ್ತೆ ಮೇಲೆ ನಡೆದುಕೊಂಡು ಹೋಗುವುದು ಬಲು ಕಷ್ಟ. ಬಿಸಿಲಿನದೇನೂ ತಕರಾರಿಲ್ಲ, ತಲೆಗೊಂದು ಟವೆಲ್ಲು ಸುತ್ತಿಕೊಂಡರಾಯಿತು. ಕಷ್ಟ ಇರುವುದು ಮೋಟರ್‌ಸೈಕಲ್ಲಿನವರ ಅಂತಃಕರಣದ್ದು. ನಮ್ಮೂರು ಗೊಳಸಂಗಿ ದಾಟಿ ಇನ್ನೂ ಕಾಲು ಕಾಯ್ದಿರುವುದಿಲ್ಲ, ಹಿಂದಿನಿಂದ ಒಂದು ಗಾಡಿ ಬಂದು ಪಕ್ಕದಲ್ಲಿ ನಿಲ್ಲುತ್ತದೆ. "ಹತ್ರಿ ಕಾಕಾ, ಬಿಡ್ತೀನಿ." ಬ್ಯಾಡಪಾ ಅಂದರೆ, "ಯಾಕ್ರಿ, ಬಸ್ ತಪ್ಪೇತೇನು?" ತಪ್ಪಿಲ್ಲ ಅಂದರೆ, "ಮತ್ತ್ಯಾಕ ನಡದೀರಿ?" ಸುಮ್ಮನೆ ಅಂದರೆ ಅವನು ಎಂಜಿನ್ನನ್ನೇ ಬಂದ್ ಮಾಡಿಬಿಡುತ್ತಾನೆ. ಇದು ನಿಂತು ವಿಚಾರಿಸಬೇಕಾದ ಪ್ರಕರಣ ಅಂತ ಅವನಿಗೆ ಖಾತ್ರಿಯಾಗಿರುತ್ತದೆ. ಮನೆಯಲ್ಲಿ ಜಗಳವೋ, ಗಾಡಿ ಪಂಕ್ಚರೋ, ಅಥವಾ ಡಾಕ್ಟರು ಹೇಳಿದ್ದಾರೋ? ಕೊನೆಗೆ "ಹೌದಪಾ, ಡಾಕ್ಟರ್ ಹೇಳ್ಯಾರ" ಅಂತ ನಾವು ತಪ್ಪೊಪ್ಪಿಗೆ ಕೊಟ್ಟ ಮೇಲೆಯೇ ಅವನ ಮುಖ ಸಡಿಲಾಗುವುದು. "ಸಕ್ರಿ ಐತೇನ್ರಿ? ಹಂಗಾರ ನಡೀರಿ" ಎಂದು ಅಪ್ಪಣೆ ಕೊಟ್ಟು ಕಿಕ್ ಹೊಡೆದು ಹೋಗುತ್ತಾನೆ.

ಒಬ್ಬನೇ ಇದ್ದಾಗ ನಡೆಯುವ ಈ ಉಪಾಯ ನಾಲ್ಕು ಮಂದಿ ಇದ್ದಾಗ ನಡೆಯುವುದಿಲ್ಲ. ನಾಲ್ವರಿಗೂ ಸಕ್ಕರೆ ಕಾಯಿಲೆ, ನಾಲ್ವರಿಗೂ ಒಬ್ಬನೇ ಡಾಕ್ಟರು, ಒಂದೇ ದಿನ ಅಪ್ಪಣೆ ಅಂದರೆ ಯಾರು ನಂಬುತ್ತಾರೆ?

ನಾವು ನಾಲ್ವರು. ಒಬ್ಬರು ಮಾಸ್ತರು. ರಿಟೈರಾಗಿದ್ದಾರೆ, ಆದರೆ ಹಾಜರಿ ಹಿಡಿಯುವ ಚಾಳಿ ರಿಟೈರಾಗಿಲ್ಲ. ಇನ್ನೊಬ್ಬ ಕಂಡಕ್ಟರ್, ಅವನೂ ರಿಟೈರ್ಡೇ. ಬದುಕಿಡೀ ಬಸ್ಸಿನೊಳಗೆ ನಿಂತೇ ಲಕ್ಷಾಂತರ ಕಿಲೋಮೀಟರ್ ತಿರುಗಿದವನಿಗೆ ಈಗ ನಡೆಯುವ ಹುಚ್ಚು. ಮೂರನೆಯವನು ಕಿರಾಣಿ ಅಂಗಡಿಯವನು, ಇಡೀ ಊರು ಅವನನ್ನು ಸಾವಕಾರ ಅನ್ನುತ್ತದೆ, ಉದ್ರಿ ಬರೆಸುವಾಗ ಸ್ವಲ್ಪ ಜಾಸ್ತಿ ಅನ್ನುತ್ತದೆ. ನಾಲ್ಕನೆಯವನು ನಾನು. ಬರೆಯುವವನು ಎಂಬ ಕಾರಣಕ್ಕೆ ರೊಟ್ಟಿ ಬುತ್ತಿ ಹೊರುವುದರಿಂದ ವಿನಾಯಿತಿ ಕೇಳುತ್ತ ಬಂದಿದ್ದೇನೆ, ಇನ್ನೂ ಮಂಜೂರಾಗಿಲ್ಲ. ನಾವು ಆಲಮಟ್ಟಿ ಹಿನ್ನೀರಿನ ದಂಡೆಗುಂಟ ನಡೆಯುತ್ತೇವೆ. ಒಮ್ಮೆಲೇ ಅಲ್ಲ, ಬಿಡುವು ಸಿಕ್ಕಾಗೊಮ್ಮೆ. ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದ ಮುಂದಕ್ಕೆ.

ಹೀಗೆ ಕಂತಿನ ಮೇಲೆ ಕೆಲಸ ಮಾಡುವುದು ನಮ್ಮ ನೆಲದ ಗುಣವೇ ಇರಬೇಕು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. 2006ರ ಆಗಸ್ಟ್ 21ರಂದು ಅಬ್ದುಲ್ ಕಲಾಂ ಅವರು ಬಂದು ಅಣೆಕಟ್ಟನ್ನು ನಾಡಿಗೆ ಒಪ್ಪಿಸಿದರು. ನಡುವೆ ಒಂದು ತಲೆಮಾರು ಶಾಲೆ ಕಲಿತು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡಿತು. ಒಂದನೇ ಹಂತ, ಎರಡನೇ ಹಂತ, ಮೂರನೇ ಹಂತ ಅಂತ ಕೃಷ್ಣಾ ಮೇಲ್ದಂಡೆ ಯೋಜನೆಯ ಸುದ್ದಿಯನ್ನು ನಾವು ಜೋಳದ ರೊಟ್ಟಿಯ ಜೊತೆಗೇ ತಿಂದು ಬೆಳೆದವರು. ಹೀಗಾಗಿ ನಮ್ಮ ನಡಿಗೆಗೆ ಮಾಸ್ತರು "ನಮ್ಮ ಮೇಲ್ದಂಡೆ ಯೋಜನೆ" ಅಂತ ಹೆಸರಿಟ್ಟಾಗ ಯಾರೂ ನಗಲಿಲ್ಲ. ಸರಕಾರದ್ದಕ್ಕಿಂತ ನಮ್ಮದು ಜಲ್ದಿ ಮುಗಿಯಬಾರದು, ಅದು ಸೌಜನ್ಯವಲ್ಲ ಎಂದು ಮಾತ್ರ ಸಾವಕಾರ ಎಚ್ಚರಿಸಿದ. ಕಂಡಕ್ಟರ್ ಒಂದು ಹಳೆ ಡೈರಿ ತೆಗೆದು ಅದಕ್ಕೆ ವೇಬಿಲ್ ಅಂತ ಹೆಸರಿಟ್ಟ. ನಿಲ್ಲಿಸಿದ ಜಾಗಕ್ಕೆ ಸ್ಟೇಜ್ ನಂಬರು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಎಲ್ಲವೂ ಅದರಲ್ಲಿ ಏರುತ್ತದೆ. ಕುಳಿತಲ್ಲಿಂದ ಏಳಬೇಕಾದರೆ "ರೈಟ್" ಅನ್ನುವವನೂ ಅವನೇ. ಅವನು ಅನ್ನುವ ತನಕ ನಮಗೂ ಏಳುವ ಮನಸ್ಸಾಗುವುದಿಲ್ಲ.

ಹಾಗಂತ ನಮ್ಮ ಸೀಮೆಯವರಿಗೆ ನಡೆಯುವುದು ಗೊತ್ತಿಲ್ಲ ಅಂತಲ್ಲ. ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ, ನಲ್ಲಮಲದ ಕಾಡು ದಾಟಿ ಮಲ್ಲಯ್ಯನ ಮುಂದೆ ನಿಲ್ಲುತ್ತಾರೆ. ಸೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಗೆ, ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆಯುತ್ತಾರೆ. ಶನಿವಾರ ಬಂತೆಂದರೆ ಯಲಗೂರದಪ್ಪನ ಗುಡಿಗೆ ನಸುಕಿನಲ್ಲಿ ಬರಿಗಾಲಲ್ಲಿ ಹೊರಟವರು ಸಾಲುಸಾಲು ಸಿಗುತ್ತಾರೆ. ಈ ನಡಿಗೆಯ ವೈಭವವೇ ಬೇರೆ. ದಾರಿಯುದ್ದಕ್ಕೂ ದಾಸೋಹ, ಪೆಂಡಾಲು, ಮಜ್ಜಿಗೆ, ಶರಬತ್ತು, ಪಾದ ತೊಳೆಯಲು ಬಿಸಿನೀರು, ಬೊಬ್ಬೆ ಎದ್ದ ಕಾಲಿಗೆ ಮುಲಾಮು ಹಚ್ಚುವ ಹುಡುಗರು. ಹಾಗೆ ನಡೆಯುವವನನ್ನು ಗಾಡಿಯವನು "ಹತ್ರಿ" ಅನ್ನುವುದಿಲ್ಲ, ಗಾಡಿ ನಿಲ್ಲಿಸಿ ಕಾಲಿಗೆ ಬೀಳುತ್ತಾನೆ. ನಮಗೂ ಅವರಿಗೂ ಇರುವ ವ್ಯತ್ಯಾಸ ಒಂದೇ, ನಮ್ಮ ದಾರಿಯ ಕೊನೆಯಲ್ಲಿ ದೇವರಿಲ್ಲ. ಅಸಲಿಗೆ ಕೊನೆಯೇ ಇಲ್ಲ. ಕೆರೆ ಸುತ್ತಿದರೆ ಹೊರಟಲ್ಲಿಗೇ ಬರುತ್ತೇವೆ.

ದಂಡೆಯ ಮೇಲಿನ ಒಂದು ವಸ್ತಿಯಲ್ಲಿ ಒಬ್ಬ ಮುದುಕಿ ಇದನ್ನೇ ಕೇಳಿದಳು. "ಯಾವ ದೇವರ ಹರಕಿ ಹೊತ್ತೀರ್ಯಪಾ?" ಮಾಸ್ತರು ಗಂಟಲು ಸರಿಮಾಡಿಕೊಂಡು ಪರಿಸರ, ವ್ಯಾಯಾಮ, ಸ್ನೇಹ ಅಂತ ಶುರು ಮಾಡುವಷ್ಟರಲ್ಲಿ ಕಂಡಕ್ಟರ್ ನಡುವೆ ಬಾಯಿ ಹಾಕಿದ. "ಗಂಗವ್ವನ ಹರಕಿ ಬೇ. ಆಕಿ ಎಲ್ಲೀತನ ಬಂದಾಳೋ ಅಲ್ಲೀತನ ನಡೀತೀವಿ ಅಂತ ಬೇಡಿಕೊಂಡೇವಿ." ಮುದುಕಿ ನಮ್ಮನ್ನೂ ನೀರನ್ನೂ ಒಂದೊಂದು ಸಲ ನೋಡಿದಳು. "ಆಕಿ ನಿಲ್ಲೂ ಹೆಂಗಸಲ್ಲಪಾ, ಕಾಲು ಬಿದ್ದುಹೋದಾವು" ಅಂದು ಒಳಗೆ ಹೋಗಿ ನಾಲ್ಕು ಗ್ಲಾಸು ಮಜ್ಜಿಗೆ ತಂದಳು. ಅಂದಿನಿಂದ ಗಂಗವ್ವನ ಹರಕೆಯೇ ನಮ್ಮ ಅಧಿಕೃತ ಉತ್ತರ. ಮಾಸ್ತರ ಪರಿಸರಕ್ಕೆ ಯಾರೂ ಮಜ್ಜಿಗೆ ಕೊಟ್ಟದ್ದಿಲ್ಲ.

ಮುದುಕಿ ಹೇಳಿದ್ದು ಎಷ್ಟು ಖರೆ ಎಂಬುದು ನಮಗೆ ಗೊತ್ತಾಗಲು ಒಂದು ಚಳಿಗಾಲ ಕಳೆಯಬೇಕಾಯಿತು. ಆಲಮಟ್ಟಿಯ ಕಡೆಯಿಂದ ನಾವು ಮೊದಲು ಹೊರಟದ್ದು ದಸರೆ ಕಳೆದ ಮೇಲೆ. ಜಲಾಶಯ ತುಂಬಿ 519.60 ಮೀಟರಿಗೆ ನಿಂತಿತ್ತು. ಅಷ್ಟಕ್ಕೆ ನಿಂತಾಗ ಅದರ ಹೊಟ್ಟೆಯಲ್ಲಿ 123 ಟಿಎಂಸಿ ನೀರು. ಎರಿ ಹೊಲದ ಬದುವಿಗೆ ನೀರು ಬಂದು ತಾಗಿತ್ತು, ಜಾಲಿಗಿಡಗಳು ಸೊಂಟದ ತನಕ ಮುಳುಗಿ ನಿಂತಿದ್ದವು. ಆಚೆ ದಂಡೆ ಕಾಣದಷ್ಟು ನೀರು ಇರುವ ಕಡೆ ಗಾಳಿ ಎದ್ದರೆ ತೆರೆಗಳು ಬಂದು ದಡಕ್ಕೆ ಬಡಿಯುತ್ತಿದ್ದವು. ನಮ್ಮ ಹುಡುಗರು ಇದಕ್ಕೆ ಸಮುದ್ರ ಅನ್ನುವುದು ಸುಳ್ಳಲ್ಲ. ನಮ್ಮ ಹೊಲಗಳಲ್ಲಿ ಮಳೆಗಾಗಿ ಕಪ್ಪೆ ಮದುವೆ ಮಾಡಿಸುತ್ತಿರುವಾಗ ಮೇಲೆ ಮಹಾಬಳೇಶ್ವರ, ಕೊಯ್ನಾ ಕಡೆ ಸುರಿದ ಮಳೆ ಇಲ್ಲಿಗೆ ಬಂದು ನಿಲ್ಲುತ್ತದೆ. ಒಂದು ಹನಿ ಬೀಳದ ನೀಲಿ ಆಕಾಶದ ಕೆಳಗೆ ನೀರು ತಾನೇ ಏರುತ್ತ ಬರುವುದನ್ನು ನೋಡಿದವನಿಗೆ ಗಂಗವ್ವನ ಮೇಲೆ ಭಕ್ತಿಯಷ್ಟೇ ಸಂಶಯವೂ ಹುಟ್ಟುತ್ತದೆ.

ಆ ಸಲ ನಿಲ್ಲಿಸಿದ ಜಾಗದಲ್ಲಿ, ನೀರಿಗೆ ತಾಗಿದ ಒಂದು ಜಾಲಿಗಿಡಕ್ಕೆ ಸಾವಕಾರ ತನ್ನ ಹರಿದ ಟವೆಲ್ಲಿನ ತುಂಡು ಕಟ್ಟಿದ. ಕಂಡಕ್ಟರ್ ವೇಬಿಲ್ಲಿನಲ್ಲಿ ಬರೆದುಕೊಂಡ. ಶಿವರಾತ್ರಿ ಆದಮೇಲೆ ಮುಂದಿನ ಕಂತಿಗೆ ಬಂದೆವು. ಟವೆಲ್ಲಿನ ತುಂಡು ಇತ್ತು, ಜಾಲಿಗಿಡವೂ ಇತ್ತು, ದಂಡೆ ಇರಲಿಲ್ಲ. ನೀರು ಎಲ್ಲೋ ದೂರ ಬೆಳ್ಳಗೆ ಹೊಳೆಯುತ್ತಿತ್ತು. ಗಿಡದಿಂದ ನೀರಿನ ಕಡೆಗೆ ಮೊದಲು ಬಿರುಕುಬಿಟ್ಟ ನೆಲ, ಅದರಾಚೆ ಯಾರೋ ಬಿತ್ತಿದ ಮೆಕ್ಕೆಜೋಳ, ಅದರಾಚೆ ದನ ಮೇಯಿಸುವವರು.

ಆಗ ಶುರುವಾದ ವಾದ ಇನ್ನೂ ಇತ್ಯರ್ಥವಾಗಿಲ್ಲ. ಗುರುತಿನಿಂದಲೇ ಮುಂದುವರಿಯಬೇಕು, ಅದು ರಿಕಾರ್ಡು ಎಂದರು ಮಾಸ್ತರು. ನಾವು ನಡೆಯುವುದು ನೀರಿನ ದಂಡಿ, ಜಾಲಿಗಿಡದ ದಂಡಿ ಅಲ್ಲ ಅಂತ ನಾನು. ಹಂಗಾದರೆ ಈ ಗುರುತಿನಿಂದ ನೀರಿನ ತನಕ ನಡೆದದ್ದನ್ನು ಯಾವ ಸ್ಟೇಜಿಗೆ ಹಾಕಲಿ ಅಂತ ಕಂಡಕ್ಟರ್. ಸಾವಕಾರನಿಗೆ ವಾದದಲ್ಲಿ ಆಸಕ್ತಿ ಇರಲಿಲ್ಲ, ಅವನು ಮೆಕ್ಕೆಜೋಳದವನನ್ನು ಮಾತಾಡಿಸಲು ಹೋಗಿದ್ದ. ಆ ರೈತ ಇದೇ ಹೊಲದ ಹಳೆಯ ಒಡೆಯನ ಮಗ. ಪರಿಹಾರ ತಗೊಂಡು ಹೊಲ ಬಿಟ್ಟುಕೊಟ್ಟದ್ದಾಗಿದೆ, ಆದರೂ ನೀರು ಇಳಿದಷ್ಟು ತಿಂಗಳು ಬಂದು ಬಿತ್ತುತ್ತಾನೆ, ನೀರು ಬಂತೆಂದರೆ ಎದ್ದು ಹೋಗುತ್ತಾನೆ. ನಮ್ಮ ವಾದ ಕೇಳಿ ಅವನು ಅಂದದ್ದು ಇಷ್ಟೇ: "ಇದು ಯಾರ ದಂಡಿ ಅಂತ ನನಗss ತಿಳಿದಿಲ್ಲ. ನಿಮಗ ತಿಳೀತಂದ್ರ ಹೇಳ್ರಿ."

ನಿಜ ಹೇಳಬೇಕೆಂದರೆ ಈ ಹುಚ್ಚು ಹತ್ತಿದ್ದು ಅಸಲಿ ಸಮುದ್ರದಿಂದ. ಮಾಸ್ತರ ಮಗ ಬೆಂಗಳೂರಿನಲ್ಲಿದ್ದಾನೆ. ಅವನು ಯಾವುದೋ ಕಂಪನಿಗೆ ರೊಕ್ಕ ಕೊಟ್ಟು ಕುಮಟೆಯಿಂದ ಗೋಕರ್ಣಕ್ಕೆ ಕಡಲ ದಂಡೆಗುಂಟ ನಡೆದು ಬಂದಿದ್ದ. ರೊಕ್ಕ ಕೊಟ್ಟು ನಡೆಯುತ್ತಾರೆ ಎಂಬ ಸಂಗತಿಯೇ ಸಾವಕಾರನನ್ನು ಒಂದು ವಾರ ಕಾಡಿತು. ಅದರ ಪರೀಕ್ಷೆಗೆಂದೇ ನಾವೂ ಹೋದೆವು, ರೊಕ್ಕ ಕೊಡದೆ. ಕುಮಟೆಯ ಹೆಡ್‌ಬಂದರಿನಿಂದ ವನ್ನಳ್ಳಿ, ಮಂಗೋಡ್ಲು, ಕಡ್ಲೆ, ಬಾಡ ಅಂತ ಒಂದಾದ ಮೇಲೊಂದು ಮರಳಿನ ಕೊಲ್ಲಿ, ನಡುವೆ ಕಲ್ಲುಗುಡ್ಡ. ಬಯಲುಸೀಮೆಯ ನಮಗೆ ಗುಡ್ಡ ಹತ್ತಿ ಇಳಿದ ಪ್ರತಿಸಲವೂ ಅದೇ ಸಮುದ್ರ ಹೊಸದಾಗಿ ಕಂಡು "ಅಬಬಬ" ಅನ್ನಿಸಿಬಿಡುತ್ತಿತ್ತು. ಅಘನಾಶಿನಿಯ ಅಳಿವೆಯಲ್ಲಿ ದೋಣಿ ಹತ್ತಿ ಆಚೆ ತದಡಿಯಲ್ಲಿ ಇಳಿದು, ಬೇಲೆಕಾನಿನಿಂದ ಮತ್ತೆ ನಡಿಗೆ, ಓಂ ಬೀಚು, ಕುಡ್ಲೆ, ಆಮೇಲೆ ಮಹಾಬಲೇಶ್ವರನ ಗೋಕರ್ಣ. ಅಲ್ಲೊಬ್ಬ ದೇವರು ಸಿಕ್ಕದ್ದರಿಂದ ಊರಲ್ಲಿ ಲೆಕ್ಕ ಕೊಡುವುದು ಸುಲಭವಾಯಿತು.

ಆ ದೋಣಿಯ ಮೇಲೆ ಕುಳಿತಾಗ ಕಂಡಕ್ಟರ್ ದೋಣಿಯವನಿಗೆ ಕೇಳಿದ್ದ, "ಈ ಹೊಳಿಗೆ ಡ್ಯಾಮ್ ಎಲ್ಲಿ ಐತ್ರಿ?" ದೋಣಿಯವನು ಇಲ್ಲ ಅಂದ. ಕಂಡಕ್ಟರಿಗೆ ನಂಬಿಕೆ ಬರಲಿಲ್ಲ. ನಮ್ಮ ಕಡೆ ಹೊಳೆ ಅಂದ ಮೇಲೆ ಡ್ಯಾಮ್ ಇರಲೇಬೇಕು, ಡ್ಯಾಮ್ ಅಂದ ಮೇಲೆ ಮುಳುಗಡೆ ಇರಲೇಬೇಕು, ಮುಳುಗಡೆ ಅಂದ ಮೇಲೆ ಪರಿಹಾರದ ಕೇಸು ಇರಲೇಬೇಕು. ಶಿರಸಿಯ ಸೀಮೆಯಲ್ಲಿ ಹುಟ್ಟಿದ ಹೊಳೆ ಎಲ್ಲೂ ಗೋಡೆಗೆ ಬಡಿಯದೆ ಸಮುದ್ರ ಸೇರುವುದೆಂದರೆ ಅವನ ಪಾಲಿಗೆ ಟಿಕೀಟಿಲ್ಲದ ಪ್ರಯಾಣ. ಅಳಿವೆಯ ಇಳಿತದಲ್ಲಿ ಹೆಂಗಸರು ಮೊಣಕಾಲುದ್ದ ನೀರಲ್ಲಿ ನಿಂತು ಬಳಚು ಆರಿಸುತ್ತಿದ್ದರು. ಉಪ್ಪುನೀರು ಏರಿ ಇಳಿಯುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಆ ಪೈರು ಉಪ್ಪಿಗೂ ಜಗ್ಗುವುದಿಲ್ಲ, ನೀರಲ್ಲಿ ನಿಂತರೂ ಕೊಳೆಯುವುದಿಲ್ಲ ಅಂತ ದೋಣಿಯವನು ವಿವರಿಸಿದ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕ ಸುದ್ದಿಯನ್ನು ಪೇಪರಿನಲ್ಲಿ ಓದಿದಾಗ ನಾವು ನಮ್ಮೂರಿನ ಹುಡುಗನಿಗೇ ರ‍್ಯಾಂಕ್ ಬಂದಷ್ಟು ಹಿಗ್ಗಿದೆವು. ಒಮ್ಮೆ ನಡೆದ ನೆಲದ ಮೇಲೆ ಇಷ್ಟು ಹಕ್ಕು ಹುಟ್ಟುತ್ತದೆ.

ಅಲ್ಲಿನ ದಂಡೆ ದಿನಕ್ಕೆರಡು ಸಲ ಹೋಗಿ ಬಂದು ಮಾಡಿದರೂ ಮರುದಿನ ತನ್ನ ಜಾಗಕ್ಕೆ ಹಾಜರ್. ಮಾಜಾಳಿಯಿಂದ ತಲಪಾಡಿ ತನಕ ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಅಂತ ಪುಸ್ತಕದಲ್ಲಿ ಬರೆದು ಮಕ್ಕಳಿಗೆ ಪಾಠ ಹೇಳಬಹುದು. ನಮ್ಮ ದಂಡೆಯ ಉದ್ದ ಕೇಳಿದರೆ ಮಾಸ್ತರು ಮೊದಲು ತಿಂಗಳು ಯಾವುದು ಅಂತ ಕೇಳುತ್ತಾರೆ.

ನೀರು ತುಂಬಿದಾಗ ನಮ್ಮ ದಂಡೆಗೆ ಇನ್ನೊಂದು ಚೇಷ್ಟೆ ಇದೆ. ನೆಲ ಸಪಾಟು. ಹೀಗಾಗಿ ನೀರು ಹೊಳೆಯಲ್ಲೇ ನಿಲ್ಲದೆ ಕಂಡ ಕಂಡ ಹಳ್ಳದೊಳಗೆ ಹಿಂದಕ್ಕೆ ನುಗ್ಗುತ್ತದೆ. ಎದುರಿಗೆ, ಕೂಗಿದರೆ ಕೇಳುವಷ್ಟು ಹತ್ತಿರ ಆಚೆ ದಡ ಕಾಣುತ್ತಿರುತ್ತದೆ. ಅಲ್ಲೊಂದು ನಾಯಿ ಕುಳಿತು ನಮ್ಮನ್ನೇ ನೋಡುತ್ತಿರುತ್ತದೆ. ಅಲ್ಲಿಗೆ ಮುಟ್ಟಬೇಕೆಂದರೆ ಹಳ್ಳದ ಬಾಲದ ತನಕ ಒಳಗೆ ನಡೆದು ಸುತ್ತಿ ಬರಬೇಕು. ಹೊತ್ತು ಇಳಿಯುವಾಗ ಆಚೆ ದಡ ಮುಟ್ಟಿ ಹಿಂತಿರುಗಿ ನೋಡಿದರೆ ಬೆಳಿಗ್ಗೆ ನಾವು ರೊಟ್ಟಿ ತಿಂದು ಬಿಸಾಕಿದ ಉಳ್ಳಾಗಡ್ಡಿ ಸಿಪ್ಪೆಯನ್ನು ಆ ನಾಯಿ ಈಸಿ ಹೋಗಿ ಮೂಸುತ್ತಿರುತ್ತದೆ. ದಿನವಿಡೀ ನಮಗೆ ದಿಕ್ಕು ತೋರಿಸಿದ ಕೂಡಗಿ ವಿದ್ಯುತ್ ಸ್ಥಾವರದ ಚಿಮಣಿಗಳು ಬೆಳಿಗ್ಗೆ ಎಲ್ಲಿದ್ದವೋ ಸಂಜೆಗೂ ಅಲ್ಲೇ. 2400 ಮೆಗಾವಾಟಿನ ಆ ಸ್ಥಾವರ ಇದೇ ನೀರು ಕುಡಿಯುತ್ತದೆ, ನಮ್ಮ ಪ್ರಗತಿಯನ್ನು ದಿನವಿಡೀ ನಿಂತು ನೋಡುತ್ತದೆ.

ಅಂಥ ಒಂದು ಹಳ್ಳದ ಬಾಯಲ್ಲಿ ಮೀನುಗಾರನೊಬ್ಬ ತೆಪ್ಪ ತಂದು "ಕೂಡ್ರಿ, ಆಚಿ ಬಿಡ್ತೀನಿ" ಅಂದ. ಹತ್ತಬೇಕೋ ಬೇಡವೋ? ಅಘನಾಶಿನಿಯಲ್ಲಿ ದೋಣಿ ಹತ್ತಿದಾಗ ಯಾರಿಗೂ ಧರ್ಮಸಂಕಟವಾಗಿರಲಿಲ್ಲ. "ಅಲ್ಲಿ ನಡೀತದ, ಇಲ್ಯಾಕ ನಡ್ಯಾಂಗಿಲ್ಲ?" ಅಂತ ಸಾವಕಾರ ಆಗಲೇ ಚಪ್ಪಲಿ ಕೈಗೆ ತಗೊಂಡಿದ್ದ. ಮಾಸ್ತರು ತೀರ್ಪು ಕೊಟ್ಟರು: ಹೊಳೆಗೆ ದೋಣಿ ನಡೆಯುತ್ತದೆ, ಹಳ್ಳಕ್ಕೆ ನಡೆಯುವುದಿಲ್ಲ. ಯಾಕೆಂದರೆ ಹಳ್ಳಕ್ಕೆ ಬಾಲ ಇರುತ್ತದೆ, ಸುತ್ತಬಹುದು. ಹೊಳೆಯ ಬಾಲ ಮಹಾಬಳೇಶ್ವರದಲ್ಲಿದೆ. ಈ ತೀರ್ಪು ಕೇಳಿ ಮೀನುಗಾರ ಬಹಳ ಹೊತ್ತು ತೆಪ್ಪ ತಿರುಗಿಸದೆ ನಮ್ಮನ್ನೇ ನೋಡುತ್ತ ನಿಂತಿದ್ದ.

ಎರಿ ಮಣ್ಣಿನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಡಿಗೆಗೆಂದು ವಿಜಯಪುರಕ್ಕೆ ಹೋಗಿ ನಾನು ದಪ್ಪ ಅಟ್ಟೆಯ, ಹಲ್ಲುಹಲ್ಲಿನ ಬೂಟು ತಂದಿದ್ದೆ. ಎಂಥ ಬಂಡೆಯ ಮೇಲೂ ಜಾರುವುದಿಲ್ಲ ಅಂತ ಅಂಗಡಿಯ ಹುಡುಗ ಹೇಳಿದ್ದ. ಅದು ಖರೆಯೇ. ಆದರೆ ಒಂದು ಅಡ್ಡಮಳೆ ಬಿದ್ದು ಎರಿ ಹಸಿಯಾದ ದಿನ ಆ ಹಲ್ಲುಗಳು ಹೊಲವನ್ನೇ ಕಚ್ಚಿಕೊಂಡು ಬರಲು ಶುರುಮಾಡಿದವು. ಹೆಜ್ಜೆಗೊಂದು ಪದರು. ಹತ್ತು ಹೆಜ್ಜೆಗೆ ನಾನು ಮೂರು ಬೆರಳು ಎತ್ತರವಾದೆ, ಇಪ್ಪತ್ತಕ್ಕೆ ಮಾಸ್ತರಿಗಿಂತ ಎತ್ತರವಾದೆ, ಆಮೇಲೆ ಕಾಲು ಎತ್ತಲಿಕ್ಕೇ ಆಗಲಿಲ್ಲ. ಕಟ್ಟಿಗೆಯಿಂದ ಕೆರೆದುಕೊಳ್ಳುತ್ತ ಕುಳಿತಿದ್ದಾಗ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ಬರಿಗಾಲಲ್ಲಿ ಸರಸರ ದಾಟಿಹೋದಳು. ಹೋಗುತ್ತ "ಅಣ್ಣಾರ, ಯಾರದರ ಹೊಲ ಒಯ್ಯಾಕ ಹತ್ತೀರಿ?" ಅಂದಳು. ನಮ್ಮಲ್ಲಿ ಒಂದಿಂಚು ಬದುವಿಗೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಡ್ಡಾಡುತ್ತಾರೆ. ನನ್ನ ಬೂಟಿನಲ್ಲಿ ಆ ದಿನ ಎಷ್ಟು ಖಾತೆದಾರರ ಜಮೀನು ಸೇರಿತ್ತೋ. ಈಗ ಆ ಬೂಟು ಮನೆಯ ಅಟ್ಟದ ಮೇಲಿದೆ, ಹಲ್ಲುಸಂದಿಯ ಮಣ್ಣಿನ ಸಮೇತ. ನಾನೂ ಸಾವಕಾರನ ಹಾಗೆ ಚಪ್ಪಲಿಗೆ ಇಳಿದಿದ್ದೇನೆ, ಬೇಕೆಂದಾಗ ಕೈಗೆ ಬರುತ್ತವೆ.

ಊಟದ ಮಾತಿಗೆ ಬಂದರೆ ನಮ್ಮ ಯೋಜನೆಯಲ್ಲಿ ಹಂತಕ್ಕೊಬ್ಬರ ಪಾಳಿ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಪುಂಡಿಪಲ್ಯ. ಮೊಸರು ಮಾತ್ರ ಯಾರೂ ತರುವ ಹಾಗಿಲ್ಲ ಎಂಬ ನಿಯಮ ಮೇಲ್ಗಡೆ ನಡೆದಾಗ ತಾನಾಗಿ ಬಂತು, ಯಾಕೆಂದರೆ ಮುಂದೆ ಕೊಲ್ಹಾರವಿದೆ. ಕೊಲ್ಹಾರದ ಗಡಿಗೆ ಮೊಸರು ಅಂದರೆ ವಿಜಯಪುರದ ಬಸ್ಸಿನವರೆಲ್ಲ ಕಿಟಕಿಯಿಂದ ಕೈ ಚಾಚಿ ಕೊಂಡದ್ದೇ. ಗಡಿಗೆ ತಲೆಕೆಳಗು ಮಾಡಿದರೂ ಮೊಸರು ಬೀಳುವುದಿಲ್ಲ ಎಂಬ ಮಾತನ್ನು ಸಾವಕಾರ ಒಮ್ಮೆ ಪರೀಕ್ಷಿಸಲು ಹೊರಟಿದ್ದ, ಮಾಸ್ತರು ಕೈ ಹಿಡಿದರು. ಊರು ನೀರಿಗೆ ಹೋಯಿತು, ಮೇಲೆ ಹೊಸ ಊರಾಯಿತು, ಈಗ ತಾಲ್ಲೂಕೂ ಆಯಿತು, ಮೊಸರು ಮಾತ್ರ ಹೊಳೆಯಾಗಿ ಹರಿಯದೆ ಗಡಿಗೆಯಲ್ಲಿ ಗಟ್ಟಿಯಾಗಿಯೇ ಉಳಿಯಿತು. ಅಲ್ಲಿಯ ಸೇತುವೆ ಮೂರು ಕಿಲೋಮೀಟರಿನಷ್ಟು ಉದ್ದ, ಆಚೆ ತುದಿಗೆ ಕೊರ್ತಿ. ಹಳೆಯ ಹೊಳೆಗೆ ಅಷ್ಟು ಉದ್ದದ ಸೇತುವೆಯ ಅಗತ್ಯ ಎಂದೂ ಇರಲಿಲ್ಲ. ಹತ್ತಿರದ ಬಳೂತಿ ಜಾಕ್‌ವೆಲ್ಲಿನಿಂದ ನೀರು ಮೇಲೆ ಹತ್ತಿ ಮುಳವಾಡ ಏತ ನೀರಾವರಿಯ ಕಾಲುವೆಗೆ ಬಿದ್ದು ಒಣ ಕೆರೆಗಳ ಕಡೆ ಹೊರಡುತ್ತದೆ. ಅಂದರೆ ನಾವು ದಂಡೆಗೆ ಹೋಗುವುದರೊಳಗೆ ದಂಡೆಯೇ ನಮ್ಮೂರಿನ ಕಡೆ ಹೊರಟಿರುತ್ತದೆ. ಬೇಸಿಗೆಯಲ್ಲಿ ಆಳವಿಲ್ಲದ ನೀರಿನಲ್ಲಿ ಒಮ್ಮೆ ರಾಜಹಂಸಗಳ ಹಿಂಡು ಕಂಡಿತು. ಉದ್ದ ಕಾಲಿನ ಮೇಲೆ ನಿಂತು, ತಲೆ ಕೆಳಗೆ ಮಾಡಿ ಏನನ್ನೋ ಸೋಸುತ್ತಿದ್ದವು. ಕಂಡಕ್ಟರ್ ಅಭ್ಯಾಸಬಲದಿಂದ ಎಣಿಸಲು ಹೊರಟ. ಎಣಿಸಿ ಮುಗಿಯುವ ಮೊದಲೇ ಅರ್ಧ ಮಂದಿ ಇಳಿದುಹೋದರು ಅಂತ ಡೈರಿ ಮುಚ್ಚಿದ.

ಸಾವಕಾರನ ತಾಯಿಯ ತವರೂರು ಮುಳುಗಡೆಯಲ್ಲಿ ಹೋದದ್ದು ನಮಗೆಲ್ಲ ಗೊತ್ತಿತ್ತು. ಆದರೆ ನಮ್ಮಲ್ಲಿ ಅದು ಸುದ್ದಿಯಲ್ಲ, ಪ್ರತಿ ಮನೆಗೂ ಒಂದು ಮುಳುಗಿದ ಬಳಗ ಇದ್ದೇ ಇರುತ್ತದೆ. ಒಂದು ಕಡುಬೇಸಿಗೆಯಲ್ಲಿ ನೀರು ಬಹಳ ಇಳಿದು, ಒಂದು ಗುಡಿಯ ಕಟ್ಟೆ, ಮುರಿದ ಕಂಬ, ಹುಣಸೆಮರದ ಬೊಡ್ಡೆ, ಅಲ್ಲಲ್ಲಿ ಗೋಡೆಯ ಬುನಾದಿ ಹೊರಗೆ ಬಿದ್ದಿದ್ದವು. ಸಾವಕಾರ ಗುಡಿಯ ಕಟ್ಟೆ ಮುಟ್ಟಿ ನಿಂತ. ಎಡಕ್ಕೆ ತಿರುಗಿದ. ಹೆಜ್ಜೆ ಎಣಿಸಲು ಶುರು ಮಾಡಿದ. "ಇದು ಹನಮಪ್ಪನ ಗುಡಿ. ಇದು ನಮ್ಮ ಮಾಮಾರ ಓಣಿ. ಇಲ್ಲಿ ಬಾಂವಿ, ಬದಿಗೆ ಸರೀರಿ." ನಾವು ಸರಿದೆವು. "ಇದು ಬಡಿಗೇರ ಮನಿ. ಇದು ಕಟ್ಟಿ, ಮುದುಕರು ಕುಂಡ್ರತಿದ್ರು, ನಮಸ್ಕಾರ ಅನ್ನಬೇಕು." ಕಂಡಕ್ಟರ್ ನಮಸ್ಕಾರ ಅಂದ. ಇನ್ನೊಂದಿಷ್ಟು ನಡೆದ ಮೇಲೆ ಸಾವಕಾರ ಒಂದು ಚಪ್ಪಡಿಗಲ್ಲಿನ ಮುಂದೆ ನಿಂತು ಚಪ್ಪಲಿ ಬಿಟ್ಟ. "ಬರ್ರಿ ಒಳಗ. ಬಗ್ಗಿ ಬರ್ರಿ, ತೊಲಿ ಹತ್ತೀತು."

ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ನಾವು ಮೂವರೂ ಬಗ್ಗಿಯೇ ಒಳಗೆ ಹೋದೆವು. ಅಡಿಗೆಮನೆ ತೋರಿಸಿದ, ದನ ಕಟ್ಟುವ ಗ್ವಾದಲಿ ತೋರಿಸಿದ, ಸೂಟಿಗೆ ಬಂದಾಗ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಬಚ್ಚಲ ತೋರಿಸಿದ. ಮಣ್ಣಲ್ಲಿ ಅರ್ಧ ಹೂತ ಒರಳು ಅಲ್ಲೇ ಇತ್ತು, ಅದನ್ನು ಯಾರೂ ಪುನರ್ವಸತಿ ಕೇಂದ್ರಕ್ಕೆ ಒಯ್ದಿರಲಿಲ್ಲ. ಹೊತ್ತು ಮೀರುತ್ತದೆ ಅಂತ ಕಂಡಕ್ಟರ್ "ರೈಟ್" ಅನ್ನಬೇಕಿತ್ತು. ಅಂದು ಅವನು ಅನ್ನಲಿಲ್ಲ, ಸಾವಕಾರನೇ ಅಂದ. ವೇಬಿಲ್ಲಿನಲ್ಲಿ ಆ ದಿನದ ಕಿಲೋಮೀಟರು ಬಹಳ ಕಡಿಮೆ ಇದೆ, ಎದುರಿಗೆ ಷರಾ: "ಮಾಮಾರ ಮನಿಗೆ ಹೋಗಿದ್ದೆವು."

ಇನ್ನು 524ರ ಪ್ರಶ್ನೆ. ಜಲಾಶಯದ ಮಟ್ಟವನ್ನು ಸುಪ್ರೀಂ ಕೋರ್ಟು 2000ದಲ್ಲಿ 519.60 ಮೀಟರಿಗೆ ನಿಲ್ಲಿಸಿತು, ಕೃಷ್ಣಾ ಜಲವಿವಾದದ ನ್ಯಾಯಮಂಡಳಿ 2010ರಲ್ಲಿ 524.256ಕ್ಕೆ ಏರಿಸಬಹುದು ಅಂದಿತು. 2025ರ ಸೆಪ್ಟೆಂಬರಿನಲ್ಲಿ ಸರಕಾರ ಮುಳುಗಡೆ ಜಮೀನಿಗೆ ದರ ಗೊತ್ತುಮಾಡಿತು, ನೀರಾವರಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯಕ್ಕೆ 30 ಲಕ್ಷ. ಇನ್ನೂ 75 ಸಾವಿರ ಎಕರೆಗಿಂತ ಹೆಚ್ಚು ನೆಲ ನೀರೊಳಗೆ ಹೋಗಬೇಕು. ಊರಿನ ಹೋಟೆಲಿನಲ್ಲಿ ಎಲ್ಲರೂ ಚಹಾದ ಬಸಿಯ ಮೇಲೆ ಲೆಕ್ಕ ಹಾಕುತ್ತಿದ್ದಾಗ ಮಾಸ್ತರಿಗೆ ಬೇರೆಯೇ ಚಿಂತೆ. ಗೇಟು ಎತ್ತರವಾದರೆ ನಾವು ಇಷ್ಟು ವರ್ಷ ನಡೆದ ದಂಡೆಯೆಲ್ಲ ತಳಕ್ಕೆ ಹೋಗುತ್ತದಲ್ಲ, ನಮ್ಮ ನಡಿಗೆ ಊರ್ಜಿತವೋ ರದ್ದೋ? ಕಂಡಕ್ಟರ್ ಅಂದ: "ನಡುಹಾದ್ಯಾಗ ಬಸ್ ಕೆಟ್ಟರ ಹಿಂದಿನ ಬಸ್ಸಿಗೆ ಹತ್ತಸ್ತೀವ್ರಿ. ಹೊಸಾ ಟಿಕೀಟು ಕೇಳೂದಿಲ್ಲ." ಮಾಸ್ತರಿಗೆ ಸಮಾಧಾನವಾಗಲಿಲ್ಲ. ಅದಕ್ಕಿಂತ, ನೀರು ಬರುವ ಮೊದಲೇ ಮೇಲಿನ ಗೆರೆಗುಂಟ ಒಂದಿಷ್ಟು ನಡೆದು ಇಟ್ಟುಕೊಂಡರೆ ಮುಂದೆ ತಕರಾರು ಬರುವುದಿಲ್ಲ ಎಂದರು. ಮುಂಗಡ ನಡಿಗೆ.

ಹಾಗಾಗಿ ಈ ಸಲ ನಾವು ನೀರು ಬಿಟ್ಟು ಹೊಲದ ಬದುಗುಂಟ ಹೊರಟೆವು. ಮಾಸ್ತರ ತಲೆ ಮೇಲೆ ಟೋಪಿ, ಕಂಡಕ್ಟರನ ಕೈಯಲ್ಲಿ ಡೈರಿ, ಸಾವಕಾರನ ಕೈಯಲ್ಲಿ ಹಾವಿಗೆಂದು ಹಿಡಿದ ಉದ್ದನೆಯ ಬಡಿಗೆ. ಕಡಲೆ ಹೊಲದಲ್ಲಿದ್ದ ಒಬ್ಬ ನಮ್ಮನ್ನು ದೂರದಿಂದ ನೋಡಿದ್ದೇ ಓಡಿಬಂದ. ಗಂಗವ್ವನ ಹರಕೆ ಹೇಳುವುದಕ್ಕೂ ಅವನು ಬಿಡಲಿಲ್ಲ.

"ಬರ್ರಿ ಸಾಹೇಬ್ರ, ಬರ್ರಿ. ಯಾವಾಗ ಬರ್ತೀರಿ ಅಂತ ಹಾದಿ ಕಾಯಾಕ ಹತ್ತೀನಿ. ಹೋದ ಸಲ ಬಂದಾವರು ಬದುವಿನ ಮ್ಯಾಲಿಂದss ನೋಡಿ ಹೋದ್ರು. ಇಕಾ, ಕಡ್ಲಿ ಸಾಲು ತುಳೀಬ್ಯಾಡ್ರಿ, ಈ ಕಡೆಯಿಂದ ಬರ್ರಿ."

ನಾವು ಸಾಹೇಬರಲ್ಲ, ಗೊಳಸಂಗಿಯವರು, ಸುಮ್ಮನೆ ನಡೆಯುತ್ತಿದ್ದೇವೆ ಅಂತ ಮಾಸ್ತರು ಹೇಳಿದರು. ಅವನು ನಕ್ಕ. ಸರ್ವೇದವರು ಮೊದಮೊದಲು ಹೀಗೆಯೇ ಹೇಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬಾವಿ ತೋರಿಸಿದ. ಬೋರ್ ತೋರಿಸಿದ, ಮೋಟರ್ ಚಾಲೂ ಮಾಡಿ ನೀರು ತೋರಿಸಿದ. ಲಿಂಬೆ ಗಿಡಗಳ ಸಾಲಿನಲ್ಲಿ ಒಂದೊಂದನ್ನೂ ಮುಟ್ಟಿ ಮುಟ್ಟಿ ಕರೆದೊಯ್ದ. ಆಮೇಲೆ ಕಂಡಕ್ಟರನ ಮುಂದೆ ನಿಂತು, "ಬರಕೋರಿ" ಅಂದ.

ಕಂಡಕ್ಟರ್ ನಮ್ಮ ಕಡೆ ನೋಡಿದ. ನಾವು ಯಾರೂ ಏನೂ ಅನ್ನಲಿಲ್ಲ. ಅವನು ಕಿವಿಯ ಮೇಲಿನ ಪೆನ್ನು ತೆಗೆದ. ಲಿಂಬಿ ನಲವತ್ತು, ಮಾವು ಎರಡು, ಬೇವು ಒಂದು, ಬಾವಿ ಒಂದು, ಬೋರು ಒಂದು. ರೈತ ಅವನ ಹೆಗಲ ಮೇಲಿಂದ ಬಗ್ಗಿ ಓದಿದ.

"ತೆಂಗು ಬಿಟ್ಟೀರಿ ನೋಡ್ರಿ."